ಸೋಮವಾರದವರು

ಗಾಡಿಯ ಸದ್ದಿಗೆ ಕಲ್ಲಪ್ಪನಿಗೆ ಎಚ್ಚರವಾಯಿತು. ಬೆಳಕು ಇನ್ನೂ ಹರಿದಿರಲಿಲ್ಲ. ಕಂಬಳಿಯೊಳಗಿಂದ ತಲೆ ಹೊರಗೆ ಹಾಕದೆ, ಇದು ಪರವೂರಿನವರ ಗಾಡಿಯಾಗಿರಲಿ, ಉಪ್ಪಿನವನದೋ ಮಡಕೆಯವನದೋ ಆಗಿರಲಿ ಎಂದುಕೊಳ್ಳುತ್ತ ಕಿವಿಗೊಟ್ಟು ಮಲಗಿದ. ಆದರೆ ಎಣ್ಣೆ ಕಾಣದ ಅಚ್ಚಿನ ಆ ಕಿರುಗುಟ್ಟುವ ಸದ್ದು ಮನೆಯ ಮುಂದೆಯೇ ಬಂದಾಗ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಸಣ್ಣಬೀರಪ್ಪನ ಗಾಡಿ. ನಿನ್ನೆ ಸಂಜೆ ಅರಳಿಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ, "ಬತ್ತೀನಿ ಬಿಡಣ್ಣೋ, ಶೇಕದಾರ್ರು ಬಂದಾಗ ನಾನಿಲ್ದೆ ಇರ್ತೀನಾ?" ಎಂದವನು ಅವನೇ. ಆ ಮಾತಾಡಿದ ಬಾಯಿಯ ಕೆಂಪು ಇನ್ನೂ ಹೋಗಿರಲಿಕ್ಕಿಲ್ಲ, ಆಗಲೇ ಗಾಡಿ ಹೂಡಿಕೊಂಡು ಹೊರಟಿದ್ದಾನೆ. ವಿಚಿತ್ರವೆಂದರೆ ಮನೆಯ ಮುಂದೆ ಹಾಯುವಾಗ ಎತ್ತುಗಳ ಕೊರಳಗಂಟೆ ಕೇಳಿಸಲೇ ಇಲ್ಲ. ಬೀದಿಯ ತಿರುವು ದಾಟಿದ ಮೇಲೆ ಘಲ್ಲೆಂದು ಶುರುವಾಯಿತು. ಕೆಳಗಿಳಿದು ಗಂಟೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆದಿರಬೇಕು. ತನಗೆ ಗೊತ್ತಾಗದಿರಲೆಂದು ಪಾಪ ಅಷ್ಟು ಕಷ್ಟಪಟ್ಟಿದ್ದಾನೆ. ಆ ಮರ್ಯಾದೆಯೇ ಕಲ್ಲಪ್ಪನಿಗೆ ಹೆಚ್ಚು ನೋವು ಕೊಟ್ಟಿತು.

ಇಂದು ಸೋಮವಾರ. ಸೋಮವಾರವೆಂದರೆ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗವಿಡುವುದಿಲ್ಲ. ಹಿರೇಕಟ್ಟೆಯಲ್ಲೂ ಇಲ್ಲ, ಸುತ್ತಿನ ಯಾವ ಊರಿನಲ್ಲೂ ಇಲ್ಲ, ಇರಲಿಲ್ಲ. ಎತ್ತಿಗೆ ಬಿಡುವಾದರೆ ಗಂಡಸಿಗೂ ಬಿಡುವು. ಎತ್ತುಗಳನ್ನು ಹೊಡೆದುಕೊಂಡು ಹೋಗಿ ಕೆರೆಯ ಕೆಳಗಿನ ಗುಂಡುತೋಪಿನಲ್ಲಿ ಮೇಯಲು ಬಿಟ್ಟು, ನೆರಳಿನಲ್ಲಿ ಕೂತು ಹರಟೆ ಕೊಚ್ಚುವುದು ಹಿಂದಿನಿಂದ ನಡೆದು ಬಂದದ್ದು. ಆದರೆ ಎತ್ತು ಮೇಯುವಷ್ಟು ಹೊತ್ತೂ ಮನುಷ್ಯ ಸುಮ್ಮನೆ ಎಷ್ಟೆಂದು ಕೂತಾನು? ಯಾರೋ ಒಬ್ಬ ಬಾಡಿದ ಮಾವಿನ ಸಸಿಗೆ ಒಂದು ಕೊಡ ನೀರು ತಂದು ಹುಯ್ದ. ಇನ್ನೊಬ್ಬ ಆಡು ಬಾಯಿ ಹಾಕದಂತೆ ಅದರ ಸುತ್ತ ಜಾಲಿಮುಳ್ಳು ಚುಚ್ಚಿದ. ಮತ್ತೊಬ್ಬ ಹೂತುಹೋದ ಕೆರೆಯ ತೂಬಿನ ಬಾಯಿ ಬಿಡಿಸಿದ. ಹೀಗೆ ಅದು ಶುರುವಾದದ್ದು. ಸಂಘ, ಸಭೆ ಎಂದೆಲ್ಲ ಯಾರೂ ಹೆಸರಿಟ್ಟಿರಲಿಲ್ಲ. ಊರವರ ಬಾಯಲ್ಲಿ ಅವರು 'ಸೋಮಾರದೋರು'. ಕುಹಕದ ಬಾಯಿಗಳಲ್ಲಿ ಅದೇ 'ಸೋಮಾರಿಗಳು' ಆಯಿತು. "ಹೊಂಟ್ರಾ ಸೋಮಾರಿಗಳು?" ಎಂದು ಬಾವಿಕಟ್ಟೆಯ ಹೆಂಗಸರು ಕೇಳುವರು, "ಹೊಂಟ್ವಿ ಕಣ್ರವ್ವಾ, ಮೈ ಮುರ್ಯೋ ಸೋಮಾರಿಗಳು" ಎಂದು ಕಲ್ಲಪ್ಪನ ಬಾಲ್ಯದ ಗೆಳೆಯ ಚಿಕ್ಕಬೀರಪ್ಪ ಪಿಕಾಸಿ ಎತ್ತಿ ತೋರಿಸುವನು. ಎಲ್ಲರೂ ನಗುವರು. ಆ ನಗು ಈಗಲೂ ಕಲ್ಲಪ್ಪನ ಕಿವಿಯಲ್ಲಿತ್ತು. ಇಡೀ ವಾರ ಹೊಲದಲ್ಲಿ ಬೆವರು ಸುರಿಸಿದ ಮೈ ಸೋಮವಾರ ಮತ್ತೆ ಬೆವರು ಸುರಿಸಲು ಅಷ್ಟು ಖುಷಿಯಾಗಿ ಯಾಕೆ ಹೋಗುತ್ತಿತ್ತು ಎಂದು ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ. ಅದು ತನ್ನದಲ್ಲದ ಕೆಲಸ, ಅದಕ್ಕೇ ಹಗುರ, ಎಂದು ಒಮ್ಮೆ ಚಿಕ್ಕಬೀರಪ್ಪ ಹೇಳಿದ್ದ.

"ಎದ್ದೇಳ್ರಿ, ಶೇಕದಾರ್ರು ಬರೋ ದಿನ ಹಿಂಗೆ ಮಲಗಿದ್ರೆ?" ಎಂದಳು ಶಂಕರಮ್ಮ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕಲ್ಲಪ್ಪ ಎದ್ದು ಬಂದು ಆ ರೊಟ್ಟಿಗಳ ರಾಶಿ ನೋಡಿದ. ಹೆಂಡತಿ ಹಿಂದಿನ ಸೋಮವಾರಗಳಿಗೆ ಮಾಡುತ್ತಿದ್ದಷ್ಟೇ ಮಾಡಿದ್ದಳು. ಯಾರೂ ಬರಲಿಕ್ಕಿಲ್ಲ, ಇಷ್ಟೊಂದು ಯಾಕೆ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಹೇಳಿದರೆ ಅದು ನಿಜವಾಗಿಬಿಡುತ್ತದೆ. ಅವಳಿಗೂ ಗೊತ್ತಿರಲಿಕ್ಕೆ ಸಾಕು. ಅವಳೇನು ಕಿವುಡಿಯೇ, ಬೀದಿಯ ಗಾಡಿಗಳು ಅವಳಿಗೂ ಕೇಳಿಸಿರಬೇಕು. "ಹುಚ್ಚೆಳ್ಳು ಚಟ್ನಿ ಬೇರೆ ಕಟ್ಟೀನಿ, ಚಿಕ್ಕಬೀರಣ್ಣಂಗೆ ಅದಿಲ್ದಿದ್ರೆ ಆಗಲ್ಲ" ಎಂದಳು, ಅವನ ಕಡೆ ನೋಡದೆ. ಅವನು ಬುತ್ತಿಯ ಗಂಟನ್ನೂ ಪಿಕಾಸಿಯನ್ನೂ ಹೆಗಲಿಗೇರಿಸಿ ಹೊರಟ. ಕೊಟ್ಟಿಗೆಯಲ್ಲಿ ಅವನ ಎರಡೂ ಎತ್ತುಗಳು ಎದ್ದು ನಿಂತು ಕಿವಿ ನಿಮಿರಿಸಿದವು. ಹಗ್ಗ ಬಿಚ್ಚಿ ಅವನ್ನೂ ಜೊತೆಗೆ ಕರೆದುಕೊಂಡ. ಅವಾದರೂ ಬರಲಿ.

ವಿಷಯ ಇಷ್ಟೇ. ಎಲ್ಲೋ ಸಮುದ್ರದಾಚೆಯ ದೊರೆಗಳು ಯುದ್ಧಕ್ಕೆ ನಿಂತಿದ್ದರಿಂದ ಕಲ್ಲಿದ್ದಲು ಬರುವುದು ಕಡಿಮೆಯಾಗಿ ರೈಲಿನ ಹೊಟ್ಟೆಗೆ ಸೌದೆ ಬೇಕಾಗಿತ್ತು. ಅಜ್ಜಂಪುರದ ಸ್ಟೇಷನ್ನಿನಲ್ಲಿ ಸೌದೆಯ ಒಟ್ಟಿಲು ಮನೆಗಳಿಗಿಂತ ಎತ್ತರ ಬೆಳೆದಿತ್ತು. ತರೀಕೆರೆಯ ಅಮಲ್ದಾರ ಕಚೇರಿಯಿಂದ ಊರೂರಿನ ಗುಂಡುತೋಪುಗಳನ್ನು ನೋಡಿಕೊಂಡು ಬರಲು ಕಂದಾಯದ ಶೇಕದಾರರಿಗೆ ಹೇಳಿದ್ದರು. ನೋಡಿಕೊಳ್ಳುವವರಿಲ್ಲದ ತೋಪು ಹರಾಜಿಗೆ. ಪಕ್ಕದೂರಿನ ತೋಪು ಸಂಕ್ರಾಂತಿಯ ಹೊತ್ತಿಗೇ ಹರಾಜಿಗೆ ಹೋಗಿತ್ತು. ಈಗ ಅಲ್ಲಿ ಕಡಿಯದೆ ಉಳಿದದ್ದು ಮೂಲೆಯ ಕೆಲವು ಮರಗಳು, ಮಿಕ್ಕದ್ದೆಲ್ಲ ಬುಡಗಳು, ದನಗಳು ಯಾವ ಕಡೆ ಮಲಗಬೇಕೆಂದು ತಿಳಿಯದೆ ಬಿಸಿಲಿನಲ್ಲಿ ನಿಂತಿರುತ್ತಿದ್ದವು. ಹಿರೇಕಟ್ಟೆಗೆ ಬಂದ ಶೇಕದಾರರು ಮಾತ್ರ ಕೆಟ್ಟವರಲ್ಲ. ಕಲ್ಲಪ್ಪ ಅಂಗಲಾಚಿದ್ದನ್ನು ಕೇಳಿ ತಲೆ ಕೆರೆದುಕೊಂಡು, "ನೋಡ್ಕೊಳ್ಳೋರಿದ್ದಾರೆ ಅಂತ ಬಾಯಲ್ಲಿ ಹೇಳಿದ್ರೆ ನಾನು ಮೇಲಿನೋರಿಗೆ ಏನಂತ ಹೇಳಲಿ? ಬರೋ ಸೋಮವಾರ ಬರ್ತೀನಿ. ನಿಮ್ಮೋರು ಕೆಲ್ಸ ಮಾಡೋದನ್ನ ಕಣ್ಣಾರೆ ತೋರಿಸಿ. ತೋಪು ನಿಮ್ಮದು" ಎಂದಿದ್ದರು. ಇದಕ್ಕಿಂತ ಸುಲಭದ ಮಾತು ಯಾವುದಿದ್ದೀತು? ಕಲ್ಲಪ್ಪ ಆ ದಿನ ತೋಪಿನಿಂದ ಊರಿಗೆ ಓಡುತ್ತಲೇ ಬಂದಿದ್ದ. ಮನೆಮನೆಗೂ ಹೋಗಿದ್ದ. ಎಲ್ಲರೂ 'ಬತ್ತೀನಿ' ಎಂದಿದ್ದರು. ಒಬ್ಬನಾದರೂ 'ಬರಲ್ಲ' ಎಂದಿದ್ದರೆ ಉಳಿದವರ 'ಬತ್ತೀನಿ'ಗೆ ಒಂದು ತೂಕವಿರುತ್ತಿತ್ತು.

ಚಿಕ್ಕಬೀರಪ್ಪನ ಹಟ್ಟಿಯ ಮುಂದೆ ಬಂದಾಗ ಕಾಲು ತಾನಾಗಿ ನಿಂತಿತು. ಮೂಕಿ ನೆಲಕ್ಕೂರಿ ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿ. ಗೂಟದ ಬಳಿಯ ಸಗಣಿ ಇನ್ನೂ ಹಸಿಯಾಗಿತ್ತು. ಕರೆದರೆ ಅವನ ಹೆಂಡತಿ ಬಂದು ಸುಳ್ಳು ಹೇಳಬೇಕಾದೀತು, ಆಕೆಗೆ ಯಾಕೆ ಆ ಕಷ್ಟ ಎಂದು ಕಲ್ಲಪ್ಪ ಮುಂದೆ ನಡೆದ. ಎತ್ತುಗಳನ್ನು ಹೊಡೆದುಕೊಂಡು ಮೊದಲೇ ತೋಪಿಗೆ ಹೋಗಿರಲೂಬಹುದು. ಗಾಡಿಯನ್ನು ಬಡಗಿಯ ಹತ್ತಿರ ಬಿಟ್ಟಿರಲೂಬಹುದು. ಬಾಲ್ಯದಿಂದಲೂ ಅವನು ಹೇಳದೆ ಕೇಳದೆ ಮೊದಲು ಹೋಗಿ ಮರದ ಹಿಂದೆ ಅಡಗಿ ಕೂರುವವನು. ಕಲ್ಲಪ್ಪ ಹುಡುಕಿ ಹುಡುಕಿ ಸುಸ್ತಾಗಿ ಇನ್ನೇನು ಅಳಬೇಕೆನ್ನುವಾಗ ಮೇಲಿನಿಂದ ಮಾವಿನಕಾಯಿ ಬಂದು ಬೆನ್ನಿಗೆ ಬೀಳುವುದು. ಇಂದೂ ಹಾಗೇ ಏನಾದರೂ ಬಿದ್ದೀತೆಂದು, ನಲವತ್ತು ದಾಟಿದ ಈ ಗಂಡಸು ತೋಪಿನೊಳಗೆ ಕಾಲಿಡುವಾಗ ತಲೆಯೆತ್ತಿ ಕೊಂಬೆಗಳನ್ನು ನೋಡಿದ. ಮಾವು ಹೂ ಬಿಟ್ಟಿತ್ತು. ತೋಪಿಗೆ ತೋಪೇ ಜೇನುಹುಳಗಳ ಸದ್ದಿನಿಂದ ಗುಂಯ್‌ಗುಡುತ್ತಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ.

ಯಾರೂ ಇಲ್ಲವೆಂದರೆ ತಪ್ಪಾಗುತ್ತದೆ. ಇಪ್ಪೆಮರದ ಬುಡದಲ್ಲಿ ನಿಲ್ಲಿಸಿದ ವೀರಗಲ್ಲಿನ ಸುತ್ತ ಹುಲಿಗೆಮ್ಮ ಗುಡಿಸುತ್ತಿದ್ದಳು. ಗಂಡ ಸತ್ತಾಗಿನಿಂದ ಅವಳಿಗೆ ಹೊಲವಿಲ್ಲ, ಎತ್ತಿಲ್ಲ. ಆದರೂ ಸೋಮಾರದವರಿಗೆ ಮಜ್ಜಿಗೆ ತರುತ್ತ ತಾನೂ ಅವರಲ್ಲಿ ಒಬ್ಬಳಾಗಿದ್ದಳು. ಕಣ್ಣು ಈಗ ಅಷ್ಟು ಕಾಣುವುದಿಲ್ಲ. "ಯಾರದು, ಕಲ್ಲಪ್ಪನಾ? ಮಿಕ್ಕೋರು?" ಎಂದಳು.

"ಬತ್ತಾವ್ರೆ ಅಜ್ಜಿ."

"ಹಂಗಾರೆ ಮಜ್ಜಿಗೆ ಸಾಕಾಗಕಿಲ್ಲ ಕಣಪ್ಪಾ, ನೀರು ಬೆರೆಸ್ಬೇಕು."

ಅವಳು ನಿಜವಾಗಿ ನಂಬಿ ಹೇಳಿದಳೋ, ತನ್ನನ್ನು ಸಮಾಧಾನಪಡಿಸಲು ಹೇಳಿದಳೋ ಕಲ್ಲಪ್ಪನಿಗೆ ತಿಳಿಯಲಿಲ್ಲ. ಪಿಕಾಸಿ ತೆಗೆದುಕೊಂಡು ಸಸಿಯ ಪಾತಿ ಕೆದಕತೊಡಗಿದ. ಇಬ್ಬರು ಮೂವರು ಮಾಡಿದ ಕೆಲಸದಂತೆ ಕಾಣಲೆಂದು ಒಂದು ಪಾತಿ ಇಲ್ಲಿ, ಇನ್ನೊಂದು ದೂರದಲ್ಲಿ, ಮತ್ತೊಂದು ಕೆರೆಯ ಏರಿಯ ಬಳಿ ಕೆದಕುತ್ತಿದ್ದೇನೆಂಬುದು ಅವನಿಗೆ ತಡವಾಗಿ ಅರಿವಾಯಿತು. ಅರಿವಾದ ಮೇಲೂ ಹಾಗೇ ಮಾಡಿದ. ಬಗ್ಗಿ ಎದ್ದಾಗಲೆಲ್ಲ ಆ ವೀರಗಲ್ಲು ಕಣ್ಣಿಗೆ ಬೀಳುತ್ತಿತ್ತು. ಎತ್ತರ ಅವನ ಎದೆಯಷ್ಟು. ಕೆಳಗೆ ದನಗಳ ಸಾಲು, ನಡುವೆ ಬಿಲ್ಲು ಹಿಡಿದ ಒಬ್ಬನೇ ಗಂಡಸು, ಎದುರಿಗೆ ಹಿಂಡು ಕಳ್ಳರು, ಮೇಲೆ ಅವನನ್ನು ಕೈಹಿಡಿದು ಒಯ್ಯುವ ಹೆಂಗಸರು. ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನು. ಎಷ್ಟು ಕಾಲದಿಂದಲೋ ಕೆರೆಯಂಗಳದಲ್ಲಿ ಮಕಾಡೆ ಬಿದ್ದಿದ್ದ. ಊರ ಹೆಂಗಸರು ಅವನ ಬೆನ್ನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕಳೆದ ಬೇಸಿಗೆ ಕೆರೆ ಬತ್ತಿದಾಗ ಚಿಕ್ಕಬೀರಪ್ಪ ಕಲ್ಲಿನಡಿಗೆ ಕೈ ಹಾಕಿ ತಡವಿ, "ಲೇ ಕಲ್ಲಾ, ಇದ್ರೊಳಗೆ ದನ ಅವೆ ಕಣೋ!" ಎಂದು ಕೂಗಿಕೊಂಡಿದ್ದ. ಆ ಕೂಗಿಗೆ ಎಲ್ಲರೂ ಪಿಕಾಸಿ ಎಸೆದು ಓಡಿ ಬಂದಿದ್ದರು. ಕೆಸರಿನಲ್ಲಿ ಮಂಡಿಯೂರಿ ಹತ್ತು ಬೆರಳೂ ಒಳಗೆ ಹಾಕಿ ಒಬ್ಬೊಬ್ಬರೂ ಆ ಕಾಣದ ದನಗಳ ಕೊಂಬು, ಬೆನ್ನು, ಬಾಲ ಮುಟ್ಟಿ ಮುಟ್ಟಿ ನೋಡಿದ್ದರು. ಅಂಥ ಸಂತೋಷ ಕಲ್ಲಪ್ಪ ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಸನ್ನೆಗೋಲು ಹಾಕಿ, ಹಗ್ಗ ಕಟ್ಟಿ, ಐಸಾ ಎಂದು ಎಳೆದು, ಆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕಲ್ಲನ್ನು ಮಗುಚಿದರು. ಹೊತ್ತುಕೊಂಡು ಹೋಗುವುದು ಮನುಷ್ಯರಿಂದಾಗುವ ಮಾತಲ್ಲ. ಗಾಡಿಯೇ ಬೇಕು. "ನಾಳೆ ಹೂಡಿದ್ರಾಯ್ತು ಬಿಡು. ಇಷ್ಟು ಕಾಲ ಮಲಗಿದ್ದೋನು ಇನ್ನೊಂದಿನ ಮಲಗ್ತಾನೆ" ಎಂದ ಚಿಕ್ಕಬೀರಪ್ಪ. ಪಡುವಣದಲ್ಲಿ ಮೋಡ ಕಟ್ಟಿತ್ತು. ಕಲ್ಲಪ್ಪ ಅದನ್ನು ತೋರಿಸಿದ. ರಾತ್ರಿ ಮಳೆ ಬಂದು ಕೆರೆಗೆ ನೀರು ಬಂದರೆ ಎಂದ. ಎರೆಮಣ್ಣು ನೆನೆದರೆ ಕಲ್ಲು ಮತ್ತೆ ಹೂತುಹೋಗುತ್ತದೆ ಎಂದ. ಅವನು ತೋಪಿಗೆ ಹೋಗಿ, ಮೇಯುತ್ತಿದ್ದ ತನ್ನ ಎತ್ತುಗಳನ್ನು ಹಿಡಿದು, ಮನೆಯಿಂದ ಗಾಡಿ ತಂದು, ಎಲ್ಲರ ಕಣ್ಣೆದುರಿಗೆ ಅವುಗಳ ಹೆಗಲ ಮೇಲೆ ನೊಗವಿಟ್ಟ. ಎತ್ತುಗಳು ಬೆದರಿ ಹಿಂದೆ ಸರಿದವು. ಅವಕ್ಕೂ ಗೊತ್ತಿತ್ತು. "ಸೋಮಾರ ಕಣಪ್ಪಾ" ಎಂದಿದ್ದಳು ಹುಲಿಗೆಮ್ಮ, ಅಷ್ಟೇ ಮಾತು. "ದೇವ್ರ ಕೆಲ್ಸ ಅಜ್ಜಿ. ದನಕ್ಕೋಸ್ಕರ ಸತ್ತೋನ್ನ ದನ ಎಳ್ದ್ರೆ ಬಸವಣ್ಣ ಏನೂ ಅನ್ನಲ್ಲ" ಎಂದು ಕಲ್ಲಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಎಷ್ಟು ಚೆನ್ನಾಗಿ ಮಾತಾಡಿದೆನೆಂದು ಆಗ ಅವನಿಗೇ ಅನಿಸಿತ್ತು. ಸಂಜೆಯೊಳಗೆ ಕಲ್ಲು ಇಪ್ಪೆಮರದ ಕೆಳಗೆ ನಿಂತಿತು. ಚಿಕ್ಕಬೀರಪ್ಪ ಎಳೆಯಲು ಹೆಗಲು ಕೊಟ್ಟ, ನೊಗ ಮಾತ್ರ ಮುಟ್ಟಲಿಲ್ಲ.

ಆ ರಾತ್ರಿ ಮಳೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೋಡ ಚೌಳಹಿರಿಯೂರಿನ ಕಡೆ ಹೋಯಿತೋ ಎಲ್ಲಿಗೆ ಹೋಯಿತೋ, ಆ ತಿಂಗಳೆಲ್ಲ ಕೆರೆಯಂಗಳದ ಬಿರುಕುಗಳು ಅಗಲವಾಗುತ್ತಲೇ ಹೋದವು. ಬೆಳಗ್ಗೆ ಎದ್ದು ಆಕಾಶ ನೋಡಿ ಕಲ್ಲಪ್ಪ ಮನಸ್ಸಿನಲ್ಲೇ ಮಳೆಯನ್ನು ಬೈದ. ಬೈಯುತ್ತ ಬೈಯುತ್ತ ಒಂದು ದಿನ, ಮೋಡದ ಮಾತು ತಾನು ಹೇಳಿದ ನೆಪ ಎಂಬುದು ಅವನಿಗೇ ಹೊಳೆದುಬಿಟ್ಟಿತು. ಮಳೆಯ ಭಯದಿಂದ ಅವನು ಹೂಡಿದ್ದಲ್ಲ. ಆ ದಿನ ಎಲ್ಲರೂ ಇದ್ದರು. ಬಿತ್ತನೆ ಶುರುವಾದರೆ ಮುಂದಿನ ಸೋಮವಾರ ಅರ್ಧ ಜನ ಬೀಜ ಹಸನು ಮಾಡುವುದಕ್ಕೆ, ನೆಂಟರ ಮನೆಗೆ ಎಂದು ಹೋಗುವವರು. ಆ ಕಲ್ಲು ನೆಟ್ಟಗೆ ನಿಲ್ಲುವ ಗಳಿಗೆಯಲ್ಲಿ ಎಲ್ಲರ ಮುಖವೂ ಅಲ್ಲಿರಬೇಕು, ಒಂದೂ ಕಡಿಮೆಯಾಗಬಾರದು ಎಂದು ಅವನಿಗೆ ಆಸೆಯಾಗಿತ್ತು. ಅಷ್ಟೇ. ಎಲ್ಲರೂ ಒಟ್ಟಿಗಿರಲಿ ಎಂಬ ಒಂದು ಆಸೆಗೆ ಒಟ್ಟಿಗಿರುವ ದಿನವನ್ನೇ ಮುರಿದುಬಿಟ್ಟಿದ್ದ. ಮುಂದಿನ ಸೋಮವಾರ ಸಣ್ಣಬೀರಪ್ಪನ ಗಾಡಿ ಸೌದೆ ಹೇರಿಕೊಂಡು ಸ್ಟೇಷನ್ನಿಗೆ ಹೋಯಿತು. ರೈಲಿಗೆ ಸೋಮವಾರವೆಂದೇನೂ ಇಲ್ಲವಲ್ಲ. ಅದರ ಮುಂದಿನ ವಾರ ಇನ್ನೊಬ್ಬರು. ತಪ್ಪು ಕಾಣಿಕೆ ಕಟ್ಟಿ ಬಸವಣ್ಣನ ಗುಡಿಯಲ್ಲಿ ಎಲ್ಲರೆದುರು ಕಲ್ಲಪ್ಪ ಅಡ್ಡಬಿದ್ದ. ಪೂಜಾರಿ ಆಕಳಿಸಿ ಪ್ರಸಾದ ಕೊಟ್ಟ. ಯಾರಾದರೂ ಬೈದಿದ್ದರೆ, ಪಂಚಾಯಿತಿ ಸೇರಿಸಿ ದಂಡ ಹಾಕಿದ್ದರೆ, ಅವನು ಕೈಮುಗಿದು ಕಟ್ಟಿರುತ್ತಿದ್ದ. ಬೈಯುವುದಿರಲಿ, ಸಣ್ಣಬೀರಪ್ಪ ದಾರಿಯಲ್ಲಿ ನಿಲ್ಲಿಸಿ, "ನೀನು ಹೂಡಿದ್ದಕ್ಕೆ ನಮಗೂ ಧೈರ್ಯ ಬಂತು ಕಣಣ್ಣೋ, ಇಲ್ದಿದ್ರೆ ವಾರಕ್ಕೊಂದಿನ ಸುಮ್ನೆ ಹಾಳಾಗ್ತಿತ್ತು" ಎಂದು ಕೃತಜ್ಞತೆ ಹೇಳಿದ. ಅಷ್ಟು ಪ್ರೀತಿಯಿಂದ ಯಾರೂ ಕಲ್ಲಪ್ಪನ ಕೆನ್ನೆಗೆ ಹೊಡೆದಿರಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಶೇಕದಾರರ ತಟ್ಟು ಕುದುರೆ ಏರಿಯ ಮೇಲೆ ಕಾಣಿಸಿತು. ಕಲ್ಲಪ್ಪ ರುಮಾಲು ಸರಿಮಾಡಿಕೊಂಡು ಎದುರು ಹೋದ. ಶೇಕದಾರರು ಇಳಿದು ನೆರಳಿನಲ್ಲಿ ನಿಂತು, ಹುಲಿಗೆಮ್ಮ ಕೊಟ್ಟ ಮಜ್ಜಿಗೆಯನ್ನು ಬೊಗಸೆಯೊಡ್ಡಿ ಕುಡಿದು, ಮೇಲಕ್ಕೆ ನೋಡಿ, "ಒಳ್ಳೇ ಹೂ ಬಿಟ್ಟಿದೆ" ಎಂದರು. ಆಮೇಲೆ ಸುತ್ತ ನೋಡಿದರು. ಅಲ್ಲೊಂದು ಇಲ್ಲೊಂದು ಕೆದಕಿದ ಪಾತಿ. ಕಲ್ಲಪ್ಪನ ಎರಡು ಎತ್ತು. ಒಬ್ಬಳು ಮುದುಕಿ.

"ಎಲ್ರೀ ಕಲ್ಲಪ್ಪನೋರೆ ನಿಮ್ಮ ಜನ?"

"ಬರ್ತಾರೆ ಸ್ವಾಮಿ. ಸೋಮಾರದೋರು ಸ್ವಾಮಿ ನಾವು. ಸೋಮಾರ ತಪ್ಪಿಸಲ್ಲ."

"ಸೋಮಾರಿಗಳೋ?" ಎಂದರು ಶೇಕದಾರರು. ಕುಹಕವಲ್ಲ; ಅವರು ಬೇರೆ ಸೀಮೆಯವರು, ನಿಜವಾಗಿಯೂ ಹಾಗೆ ಕೇಳಿಸಿತ್ತು. ಅವರ ಹಿಂದೆ ನಡೆದು ಬಂದಿದ್ದ ಜವಾನ ಮುಖ ತಿರುಗಿಸಿ ನಕ್ಕ. ಆ ಮಾತಿಗೆ ಪಿಕಾಸಿ ಎತ್ತಿ ತೋರಿಸಿ ನಗಿಸುವವನು ಇಲ್ಲಿರಬೇಕಿತ್ತು. ಕಲ್ಲಪ್ಪನಿಗೆ ತಾನೇ ಹಾಗೆ ಮಾಡೋಣವೆನಿಸಿ ಕೈಯಲ್ಲಿದ್ದ ಪಿಕಾಸಿಯನ್ನು ತುಸು ಮೇಲೆತ್ತಿದ. ಒಬ್ಬನೇ ಎತ್ತಿದರೆ ಅದು ತಮಾಷೆಯಾಗಿ ಕಾಣಲಿಲ್ಲ, ಶೇಕದಾರರು ಒಂದು ಹೆಜ್ಜೆ ಹಿಂದೆ ಸರಿದರು. ಅವನು ಪಿಕಾಸಿ ಕೆಳಗಿಟ್ಟ. "ಸ್ವಲ್ಪ ಹೊತ್ತು ನೋಡ್ತೀನಿ, ಬಿಸಿಲೂ ಇಳೀಲಿ" ಎಂದು ಅವರು ವೀರಗಲ್ಲಿನ ಪಕ್ಕದ ಬೇರಿನ ಮೇಲೆ ಕೂತರು. ಒಳ್ಳೆಯ ಮನುಷ್ಯರು ಕಾಯುವಾಗ ಕಾಯಿಸುವವನಿಗೆ ಆಗುವ ಸಂಕಟ ಬೇರೆ. ಕಲ್ಲಪ್ಪ ಬುತ್ತಿಯ ಗಂಟು ಬಿಚ್ಚಲೂ ಆರದೆ, ಬಿಚ್ಚದಿರಲೂ ಆರದೆ, ಕೊನೆಗೆ ಬಿಚ್ಚಿ ರೊಟ್ಟಿ ಮುಂದಿಟ್ಟ. ಆ ರಾಶಿಯನ್ನು ನೋಡಿ ಶೇಕದಾರರ ಮುಖದಲ್ಲಿ ಮೊದಲ ಬಾರಿಗೆ ಒಂದಷ್ಟು ನಂಬಿಕೆ ಬಂತು. "ಓಹೋ, ಬಹಳ ಜನ ಇದ್ದಾರೆ ಹಾಗಾದ್ರೆ" ಎಂದರು. ಕಲ್ಲಪ್ಪ ಶಂಕರಮ್ಮನನ್ನು ನೆನೆದ.

ಆಗ ರಸ್ತೆಯ ಕಡೆಯಿಂದ ಗಂಟೆಯ ಸದ್ದು ಕೇಳಿಸಿತು. ಮೇಯುತ್ತಿದ್ದ ಅವನ ಎತ್ತುಗಳು ತಲೆಯೆತ್ತಿದವು. ತೋಪಿನ ಪಕ್ಕದಲ್ಲೇ ಹಾದುಹೋಗುವ ಅಜ್ಜಂಪುರದ ರಸ್ತೆಯಲ್ಲಿ ಸೌದೆ ಹೇರಿದ ಗಾಡಿಯೊಂದು ಬರುತ್ತಿತ್ತು. ಮೂಕಿಯ ಮೇಲೆ ಕೂತವನ ತಲೆ ಎದೆಗೆ ಬಿದ್ದಿತ್ತು. ಬೆಳಗಿನ ಜಾವದಲ್ಲೇ ಎದ್ದು ಪಕ್ಕದೂರಿಗೆ ಹೋಗಿ ತುಂಬಿಕೊಂಡು ಬಂದವನು ನಿದ್ದೆ ಹೋಗಿದ್ದ. ರಸ್ತೆ ನೇರವಾಗಿ ಸ್ಟೇಷನ್ನಿಗೆ ಹೋಗುತ್ತದೆ. ಆದರೆ ತೋಪಿನ ಬಾಯಿ ಬಂದೊಡನೆ ಆ ಎತ್ತುಗಳು ಯಾರೂ ಹೇಳದೆ ಎಡಕ್ಕೆ ತಿರುಗಿದವು. ಗಾಡಿ ಬೇರುಗಳ ಮೇಲೆ ಕುಲುಕುತ್ತ, ಮಾವಿನ ಕೊಂಬೆಗಳಿಗೆ ಸೌದೆ ತಗುಲಿ ಹೂ ಉದುರಿಸುತ್ತ ಒಳಗೆ ಬಂತು. ಕೆಂದ ಮತ್ತು ಮೈಲ. ಆ ಎರಡು ಎತ್ತುಗಳನ್ನು ಕಲ್ಲಪ್ಪ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದ. ಅವು ಸೀದಾ ಬಂದು ಇಪ್ಪೆಮರದ ಕೆಳಗೆ, ಪ್ರತಿ ಸೋಮವಾರ ಕಟ್ಟುತ್ತಿದ್ದ ಜಾಗದಲ್ಲೇ ನಿಂತು, ನೊಗದ ಸಮೇತ ತಲೆ ಬಗ್ಗಿಸಿ ನೆಲ ಮೂಸಿದವು. ಗಾಡಿ ನಿಂತ ರಭಸಕ್ಕೆ ಚಿಕ್ಕಬೀರಪ್ಪನಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ನೋಡಿದ. ಮರ, ಕಲ್ಲು, ಹುಲಿಗೆಮ್ಮ, ರೊಟ್ಟಿ, ಕಲ್ಲಪ್ಪ. ಒಂದು ಗಳಿಗೆ ಅವನ ಮುಖದಲ್ಲಿ ಹಳೆಯ ಸೋಮವಾರಗಳ ನಗು ಬಂತು. ಆಮೇಲೆ ಶೇಕದಾರರನ್ನು ಕಂಡ.

ಶೇಕದಾರರು ಎದ್ದು ನಿಂತರು. "ಬಂದ್ರಲ್ಲ! ಇವರು ನಿಮ್ಮೋರು ತಾನೇ ಕಲ್ಲಪ್ಪನೋರೆ?"

ಹೌದು ಎಂಬ ಮಾತು ಕಲ್ಲಪ್ಪನ ನಾಲಿಗೆಯ ತುದಿಯಲ್ಲಿತ್ತು. ಸುಳ್ಳೇನಲ್ಲ. ಇವನಲ್ಲದೆ ನಮ್ಮವನು ಇನ್ಯಾರು? ಆದರೆ ಕಣ್ಣು ಗಾಡಿಯ ಮೇಲೆ ಹೋಯಿತು. ಪಕ್ಕದೂರಿನ ತೋಪಿನ ಮಾವಿನ ದಿಮ್ಮಿಗಳು, ಕೊಡಲಿ ಬಿದ್ದ ಜಾಗದಲ್ಲಿ ಇನ್ನೂ ಹಸಿ. ಅವುಗಳ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ರೆಂಬೆಯಲ್ಲಿ ಬಾಡಿದ ಹೂಗೊಂಚಲು. ಅದನ್ನು ನೋಡುತ್ತ ಹೌದೆನ್ನಲು ಆಗಲಿಲ್ಲ. ಅವನೇ ಹೇಳಲಿ, ಅವನು ಹೇಳಿದರೆ ಅದೇ ನಿಜ ಎಂದುಕೊಂಡು ಚಿಕ್ಕಬೀರಪ್ಪನ ಮುಖ ನೋಡಿದ. ಇಡೀ ಜನ್ಮದಲ್ಲಿ ಯಾವ ಮನುಷ್ಯನನ್ನೂ ಅಷ್ಟು ಆಸೆಯಿಂದ ಅವನು ನೋಡಿರಲಿಲ್ಲ. ಶೇಕದಾರರೂ ಅತ್ತ ತಿರುಗಿದರು. "ಏನಪ್ಪಾ, ನೀನು ಈ ತೋಪು ನೋಡ್ಕೊಳ್ಳೋರಲ್ಲಿ ಒಬ್ಬನಾ?"

ಚಿಕ್ಕಬೀರಪ್ಪ ಮೂಕಿಯಿಂದ ಇಳಿದ. ತಲೆಯ ಮೇಲಿನ ಬಟ್ಟೆ ತೆಗೆದು ಕಂಕುಳಲ್ಲಿಟ್ಟುಕೊಂಡ. "ಅಲ್ಲ ಬುದ್ಧಿ" ಎಂದ. "ಎತ್ತು ದಾರಿ ತಪ್ಪಿ ಬಂದ್ಬಿಟ್ಟವೆ."

ಹುಲಿಗೆಮ್ಮ ಕೈಯಲ್ಲಿದ್ದ ಪೊರಕೆಯನ್ನು ನೆಲಕ್ಕಿಟ್ಟಳು. ಶೇಕದಾರರು ರೊಟ್ಟಿಯ ರಾಶಿಯ ಕಡೆ ಒಮ್ಮೆ, ಕಲ್ಲಪ್ಪನ ಕಡೆ ಒಮ್ಮೆ ನೋಡಿ, "ನಾನೇನು ಮಾಡ್ಲಿ ಹೇಳಿ ಕಲ್ಲಪ್ಪನೋರೆ. ನೋಡಿದ್ದನ್ನ ಹೇಳ್ಬೇಕಾಗ್ತದೆ. ಕಾಯಿ ಇಳಿಸ್ಕೊಳ್ಳೋವರೆಗೆ ತಡೆಯೋಕೆ ಪ್ರಯತ್ನ ಮಾಡ್ತೀನಿ, ಆಮೇಲೆ ಹರಾಜೇ" ಎಂದರು. ದನಿಯಲ್ಲಿ ಕನಿಕರವಿತ್ತು. ಕುದುರೆ ಏರಿ ಹೊರಟುಹೋದರು. ಏರಿಯ ಆಚೆ ಅವರ ಛತ್ರಿ ಮರೆಯಾಗುವವರೆಗೆ ಮೂವರೂ ಅತ್ತಲೇ ನೋಡುತ್ತಿದ್ದರು, ಪರಸ್ಪರ ನೋಡಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

"ಹೂಂ ಅಂದಿದ್ರೆ ಏನಾಗ್ತಿತ್ತೋ?" ಎಂದ ಕಲ್ಲಪ್ಪ ಕೊನೆಗೆ. ಸಿಟ್ಟು ಮಾಡಬೇಕೆಂದಿದ್ದ, ಬಂದ ದನಿ ಬೇಡಿಕೊಳ್ಳುವವನದಾಗಿತ್ತು.

ಚಿಕ್ಕಬೀರಪ್ಪ ಚಕ್ರಕ್ಕೆ ಸಿಕ್ಕಿಕೊಂಡ ಹುಲ್ಲು ಕೀಳುತ್ತ ನಿಂತಿದ್ದ. "ಅಂದಿದ್ರೆ ಮುಂದಿನ ಸೋಮಾರ ಬರ್ಬೇಕಾಗ್ತಿತ್ತಲ್ಲ" ಎಂದ. ಕಿತ್ತ ಹುಲ್ಲನ್ನು ಆಚೆ ಎಸೆದು, "ಬರಾಕಾಗಲ್ಲ ಕಣೋ ಕಲ್ಲಾ. ಸೌದೆ ಹೊಡ್ಯೋದು ಬಿಟ್ರೆ ಈ ವರ್ಷ ಮನೇಲಿ ಒಲೆ ಹತ್ತಲ್ಲ. ನಿನ್ ಮುಂದೆ ಬತ್ತೀನಿ ಅಂತ ಸುಳ್ಳು ಹೇಳ್ಬೋದು, ಅವ್ನ ಮುಂದೆ ಆಗ್ಲಿಲ್ಲ" ಎಂದ. ಗದ್ದದಿಂದ ತೋರಿಸಿದ್ದು ವೀರಗಲ್ಲನ್ನು. ಕಲ್ಲಪ್ಪ ಏನಾದರೂ ಹೇಳಬೇಕಿತ್ತು. ನಾನೂ ಮೋಡದ ಸುಳ್ಳು ಹೇಳಿ ಹೂಡಿದೆ, ನೀನು ಅಂದು ನೊಗ ಮುಟ್ಟದೆ ನಿಂತಿದ್ದು ನನಗೆ ಕಂಡಿತ್ತು, ಇಷ್ಟು ದಿನ ನಿನ್ನ ಬಳಿ ಅದನ್ನು ಆಡಲಾಗದೆ ಒಳಗೇ ಬೇಯುತ್ತಿದ್ದೇನೆ. ಅದರ ಬದಲು ಚಟ್ನಿಯ ಗಂಟನ್ನು ತೆಗೆದು ಮುಂದೆ ಚಾಚಿದ. ಚಿಕ್ಕಬೀರಪ್ಪ ಎರಡು ರೊಟ್ಟಿಯ ನಡುವೆ ಚಟ್ನಿ ಹಾಕಿ ಮಡಚಿ, ಕೂರದೆ, ನಿಂತುಕೊಂಡೇ ತಿಂದ. ತಿನ್ನುವಷ್ಟು ಹೊತ್ತು ಮೇಲೆ ಹೂ ತುಂಬಿದ ಕೊಂಬೆಗಳನ್ನು ನೋಡುತ್ತಿದ್ದ.

"ಹೊತ್ತಾಯ್ತು. ಸ್ಟೇಷನ್ನಾಗೆ ಇಳಿಸ್ಕೊಳ್ಳೋದು ನಿಲ್ಲಿಸ್ಬಿಡ್ತಾರೆ" ಎಂದು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮೂಕಿಯೇರಿ ಕೂತ. ಎತ್ತುಗಳ ಬೆನ್ನು ತಟ್ಟಿದ. ಅವು ಅಲುಗಲಿಲ್ಲ. ಬಾಲ ತಿರುವಿದ. ಮೈಲ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ನಿಂತಿತು. ಕೆಂದ ಮುಂಗಾಲು ಮಡಿಸಿ ಮಲಗಲು ನೋಡಿತು, ನೊಗ ಓರೆಯಾಯಿತು. "ಏಯ್! ಏಳು!" ಚಾಟಿ ಬೀಸಿದ, ಮೊದಲು ಸುಮ್ಮನೆ ಗಾಳಿಯಲ್ಲಿ, ಆಮೇಲೆ ಬೆನ್ನ ಮೇಲೆ. ಸದ್ದಿಗೆ ಜೇನುಹುಳಗಳ ಗುಂಯ್‌ಕಾರ ನಿಂತಂತಾಯಿತು. ಇನ್ನೊಂದು ಏಟು. ಆ ತೋಪಿನಲ್ಲಿ, ಸೋಮವಾರದ ದಿನ, ಎತ್ತಿನ ಮೈಮೇಲೆ ಚಾಟಿ ಬಿದ್ದದ್ದು ಯಾರೂ ಕಂಡಿರಲಿಲ್ಲ. ಹುಲಿಗೆಮ್ಮ ಕಿವಿ ಮುಚ್ಚಿಕೊಂಡಳು. ಚಿಕ್ಕಬೀರಪ್ಪನ ಮುಖ ಅಳುವವನ ಮುಖದಂತೆ ಸೊಟ್ಟಗಾಗಿತ್ತು, ಕೈ ಮಾತ್ರ ಮತ್ತೆ ಮೇಲೇರುತ್ತಿತ್ತು.

"ಬೇಡ, ಹೊಡೀಬ್ಯಾಡ. ಕೊಡಿಲ್ಲಿ" ಎಂದು ಕಲ್ಲಪ್ಪ ಓಡಿ ಹೋಗಿ ಮೂಗುದಾರದ ಹಗ್ಗ ಹಿಡಿದ. ಕೆಂದನ ಕೊರಳಡಿಯ ಗಂಗೆದೊಗಲು ಸವರಿದ. ಹಿಂದೆ ಎಷ್ಟೋ ಸೋಮವಾರ ಹೀಗೇ ಸವರಿ ಕೆರೆಗೆ ನೀರಿಗೆ ಕರೆದೊಯ್ದಿದ್ದ. ಆ ಕೈಯ ಗುರುತಿಗೆ ಕೆಂದ ಎದ್ದು ನಿಂತಿತು. ಹೆಗಲು ಮೇಲೆದ್ದಿತು. ನೊಗ ನೇರವಾಯಿತು.

"ಇವತ್ತು ಸೋಮಾರ ಅಂತ ಇವಕ್ಕೆ ಯಾರು ಹೇಳಿದ್ರೋ ಕಲ್ಲಾ?" ಎಂದ ಚಿಕ್ಕಬೀರಪ್ಪ ಹಿಂದಿನಿಂದ.

ಕಲ್ಲಪ್ಪ ತಿರುಗಿ ನೋಡಲಿಲ್ಲ. ಹಗ್ಗ ಹಿಡಿದು ಮುಂದೆ ನಡೆದ. ನೀರಿಗೆ ಕರೆದೊಯ್ಯುತ್ತಿದ್ದಾನೆಂದು ನಂಬಿ ಎರಡೂ ಎತ್ತುಗಳು ಅವನ ಹಿಂದೆ ಬೇಗಬೇಗ ಹೆಜ್ಜೆಹಾಕಿದವು, ಮತ್ತು ಅವನು ಅವುಗಳನ್ನು ಸ್ಟೇಷನ್ನಿನ ರಸ್ತೆಗೆ ತಂದು ಬಿಟ್ಟ.